ಸೋಡಿಯಂ ಲೆಕ್ಕದ ವಿಷಯದಲ್ಲಿ ನಾನು ಹೇಳಿದ ಸುಳ್ಳು

ಸುಜಾತಾಳ ಲೆಕ್ಕ ಸರಿಯಾಗಿತ್ತು. ತಪ್ಪಿದ್ದದ್ದು ನನ್ನದು. ಪ್ರೊಫೆಸರರ ಎದುರು ನಿಂತು "ಅವಳದೇ ತಪ್ಪು ಸರ್" ಎಂದಾಗ ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ತಿಳಿಯದೆ ಆಡಿದ ಮಾತಲ್ಲ, ಗಾಬರಿಯಲ್ಲಿ ಜಾರಿದ ಮಾತೂ ಅಲ್ಲ — ಹಿಂದಿನ ದಿನದಿಂದ ಮನಸ್ಸಿನಲ್ಲೇ ಹೇಳಿ ನೋಡಿಕೊಂಡು, ಹೇಗೆ ಕೇಳಿಸುತ್ತದೆ ಎಂದು ಅಳೆದುಕೊಂಡು ಬಂದ ಮಾತು.

ನನ್ನ ಹೆಸರು ಗಿರಿಜಾ. ಹುಟ್ಟಿದ್ದು ನ್ಯಾಮತಿಯಲ್ಲಿ, ಅಪ್ಪನದು ಔಷಧದ ಅಂಗಡಿ. ಈಗ ಚನ್ನಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನೂ ಸುಜಾತಾಳೂ ಒಬ್ಬರೇ ಪ್ರೊಫೆಸರರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ವಿಶ್ವವಿದ್ಯಾಲಯದ ಹೆಸರು ಬೇಡ, ತಪ್ಪು ಅದರದಲ್ಲ.

ಸುಜಾತಾ ಜಗಳೂರಿನವಳು. ಅವಳ ಅಜ್ಜ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ತಂದೆ ಓಬಳಪ್ಪನವರು ಓದಿ, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ, ಬೌದ್ಧ ಧರ್ಮ ಸ್ವೀಕರಿಸಿದವರು. ಸುಜಾತಾ ಜೋರಾಗಿ ನಗುತ್ತಿದ್ದಳು. ಹುರಿದ ಶೇಂಗಾ ತಿನ್ನುತ್ತಾ ಪುಟಗಟ್ಟಲೆ ಲೆಕ್ಕ ಮಾಡುತ್ತಿದ್ದಳು. ಸಿಪ್ಪೆ ನನ್ನ ಹಾಸಿಗೆಯ ಮೇಲೂ ಬೀಳುತ್ತಿತ್ತು. ನಾನು ಬೈದರೆ ಅದಕ್ಕೂ ನಗು. ಎಂ.ಎಸ್ಸಿ.ಯಲ್ಲಿ ನನಗಿಂತ ಹೆಚ್ಚು ಅಂಕ ಅವಳಿಗೇ ಬಂದಿತ್ತು. ಇದನ್ನು ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ — ಇದೂ ಈಗ ಬರೆಯುವಾಗಲೇ ನೆನಪಾಗುತ್ತಿದೆ.

ನಮ್ಮ ಸಂಶೋಧನೆಯ ವಿಷಯವನ್ನು ಸ್ವಲ್ಪ ಹೇಳದಿದ್ದರೆ ನನ್ನ ಸುಳ್ಳು ಏನೆಂದು ತಿಳಿಯುವುದಿಲ್ಲ. ಹೊರಗಿನಿಂದ ಒಂದು ಎಲೆಕ್ಟ್ರಾನು ಬಂದು ಪರಮಾಣುವಿಗೆ ಬಡಿಯುತ್ತದೆ. ಬಡಿದ ರಭಸಕ್ಕೆ ಒಳಗಿದ್ದ ಎಲೆಕ್ಟ್ರಾನೊಂದು ಕಿತ್ತು ಹೊರಗೆ ಬರುತ್ತದೆ. ಹೊರಟುಹೋಗುವವು ಎರಡು, ಬಂದದ್ದು ಯಾವುದು, ಮೊದಲೇ ಒಳಗಿದ್ದದ್ದು ಯಾವುದು — ಗುರುತಿಸಲು ಯಾರಿಂದಲೂ ಆಗದು. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಹುಟ್ಟುಗುಣವೊಂದಿದೆ, ಅದಕ್ಕೆ ಮೇಲೆ ಅಥವಾ ಕೆಳಗೆ ಎರಡೇ ದಿಕ್ಕು. ಬಂದ ಎಲೆಕ್ಟ್ರಾನು ಮತ್ತು ಒಳಗಿನದು ಒಂದೇ ದಿಕ್ಕಿನವಾದರೆ ಏನಾಗುತ್ತದೆ, ಎದುರುಬದುರು ದಿಕ್ಕಿನವಾದರೆ ಏನಾಗುತ್ತದೆ, ಕಿತ್ತುಬರುವ ಸಂಭವದಲ್ಲಿ ವ್ಯತ್ಯಾಸ ಎಷ್ಟು — ಇದೇ ನಮ್ಮಿಬ್ಬರ ಪ್ರಶ್ನೆ. ನನಗೆ ಸೋಡಿಯಂ, ಅವಳಿಗೆ ಪೊಟ್ಯಾಸಿಯಂ. ಎರಡರಲ್ಲೂ ಹೊರಗಿನ ಸುತ್ತಿನಲ್ಲಿ ಒಂಟಿ ಎಲೆಕ್ಟ್ರಾನು. ಹಾಗಾಗಿ ಉತ್ತರಗಳು ಅಕ್ಕತಂಗಿಯರಂತೆ ಹೋಲಬೇಕು.

ಹೋಲಲಿಲ್ಲ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅವಳ ಲೆಕ್ಕದಲ್ಲಿ, ಬಡಿಯುವ ಎಲೆಕ್ಟ್ರಾನಿನ ವೇಗ ಕಡಿಮೆಯಿದ್ದಾಗ, ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೊಡ್ಡದು. ಒಂದೇ ದಿಕ್ಕಿನ ಸ್ಪಿನ್ ಇದ್ದರೆ ಎಲೆಕ್ಟ್ರಾನು ಕಿತ್ತುಬರುವುದೇ ಅಪರೂಪ.

"ಹಿಂಗೇ ಆಗ್ಬೇಕು ಕಣೇ," ಎಂದಳು ಸುಜಾತಾ. "ಒಂದೇ ದಿಕ್ಕಿನವು ಎರಡೂ ಒಂದೇ ಜಾಗಕ್ಕೆ ಬರಾಕೆ ಒಪ್ಪಲ್ಲ. ಹತ್ರಾನೇ ಬರದಿದ್ರೆ ಕಿತ್ತು ಹಾಕೋದು ಹೆಂಗೆ? ನಿನ್ ಲೆಕ್ಕದಾಗೆ ಎಲ್ಲೋ ಏನೋ ಸೇರಿಕೊಂಡೈತೆ. ನೋಡು."

ಅವಳು ಅಷ್ಟಕ್ಕೇ ಬಿಡಲಿಲ್ಲ. ಸೋಡಿಯಂ ಅನ್ನೂ ತನ್ನ ದಾರಿಯಲ್ಲೇ ಮಾಡಿ ನೋಡಿದಳು. ಅಲ್ಲೂ ದೊಡ್ಡ ವ್ಯತ್ಯಾಸವೇ ಬಂತು. ಇಬ್ಬರಲ್ಲಿ ಒಬ್ಬರು ತಪ್ಪಿದ್ದೇವೆ ಎನ್ನುವುದು ಆಗ ಖಚಿತವಾಯಿತು.

ನಮ್ಮ ಪ್ರೊಫೆಸರರಿಗೆ ನನ್ನ ಉತ್ತರವೇ ಇಷ್ಟವಾಗಿತ್ತು. ಇಂಥ ಪರಮಾಣುಗಳಲ್ಲಿ ಸ್ಪಿನ್ನಿನ ಪ್ರಭಾವ ಸರಾಸರಿಯಲ್ಲಿ ಅಳಿಸಿಹೋಗುತ್ತದೆ ಎಂದು ಅವರು ಒಂದೆರಡು ಕಡೆ ಭಾಷಣದಲ್ಲಿ ಹೇಳಿಬಿಟ್ಟಿದ್ದರು. ಇನ್ನೊಂದು ಸಂಗತಿಯೂ ಇತ್ತು. ಸುಜಾತಾ ಇಲ್ಲದಾಗ ಒಮ್ಮೆ ಅವರು ನನ್ನೆದುರು, "ಈ ಕಡೆಯಿಂದ ಬಂದವರಿಗೆ ಸ್ಕಾಲರ್‌ಶಿಪ್ ಸಿಗುತ್ತೆ, ತಳಪಾಯ ಇರೋದಿಲ್ಲ ನೋಡಿ," ಎಂದಿದ್ದರು. 'ಈ ಕಡೆ' ಎಂದರೆ ಜಗಳೂರು ಕಡೆ ಎಂದಲ್ಲ. ಯಾವ ಕಡೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಎಂ.ಎಸ್ಸಿ.ಯ ಅಂಕಗಳನ್ನು ನೆನಪಿಸಬಹುದಿತ್ತು — ನಾನು ತಲೆಯಾಡಿಸಿದ್ದೆ.

ಆಗ ಕಂಪ್ಯೂಟರ್ ಎಂದರೆ ಇಡೀ ವಿಶ್ವವಿದ್ಯಾಲಯಕ್ಕೆ ಒಂದು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬಂದರೆ ಮರುದಿನ ಮಧ್ಯಾಹ್ನ ಉತ್ತರ ಸಿಗುತ್ತಿತ್ತು. ಒಂದು ಮಧ್ಯಾಹ್ನ ಆ ಕಟ್ಟಡದ ಮೆಟ್ಟಿಲ ಮೇಲೆ ಕುಳಿತು, ಸುಜಾತಾ ಹೇಳಿದ್ದಳಲ್ಲ ಎಂದು, ನನ್ನ ಲೆಕ್ಕವನ್ನು ಮೊದಲಿನಿಂದ ಓದಿದೆ. ಎರಡು ಎಲೆಕ್ಟ್ರಾನುಗಳು ಅದಲುಬದಲಾಗುವ ಸಾಧ್ಯತೆಗೆ ಸಮೀಕರಣದಲ್ಲಿ ಒಂದು ಪದವಿರುತ್ತದೆ. ಲೆಕ್ಕದಲ್ಲಿ ಎಲೆಕ್ಟ್ರಾನೂ ಒಂದು ಅಲೆ; ಆ ಪದವನ್ನು ಮುಖ್ಯ ಪದಕ್ಕೆ ಸೇರಿಸುವಾಗ ಎರಡೂ ಅಲೆಗಳ ಹೆಜ್ಜೆ ಹೊಂದಿಸಬೇಕು. ನಾನು ಆ ಹೆಜ್ಜೆಯನ್ನು ಬೇರೆ ಜಾಗದಿಂದ ಎತ್ತಿಕೊಂಡಿದ್ದೆ. ಹಾಗಾಗಿ ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆದುಹೋಗಿ, ಕೊನೆಗೆ ಉಳಿದದ್ದು ಸೊನ್ನೆಯ ಹತ್ತಿರದ ಸಂಖ್ಯೆ. ನಾನು ಕಂಡುಹಿಡಿದೆ ಎಂದುಕೊಂಡಿದ್ದು ನನ್ನ ತಪ್ಪಿನ ಉತ್ಪನ್ನ ಅಷ್ಟೇ.

ಕೈಯಲ್ಲಿ ಪೆನ್ಸಿಲ್ ಇತ್ತು. ತಿದ್ದಬಹುದಿತ್ತು...

ನನ್ನ ಮದುವೆ ಹೊನ್ನಾಳಿಯ ಮನೆತನದೊಂದಿಗೆ ನಿಶ್ಚಯವಾಗಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸಬೇಕೆಂದು ಅಪ್ಪನ ಆಸೆ; ಪ್ರೊಫೆಸರರೂ ಅವಸರ ಮಾಡುತ್ತಿದ್ದರು. ಎಲ್ಲ ಮೊದಲಿನಿಂದ ಮಾಡಬೇಕೆಂದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಹೆದರಿದೆ. ಇದನ್ನು ಸಮಜಾಯಿಷಿಯೆಂದು ಹೇಳುತ್ತಿಲ್ಲ. ಆ ಮೆಟ್ಟಿಲ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟು ಎಂದು ಹೇಳುತ್ತಿದ್ದೇನೆ. ಇದಕ್ಕಿಂತ ದೊಡ್ಡ ಕಷ್ಟ ಯಾವುದೂ ಇರಲಿಲ್ಲ.

ಮರುದಿನ ಪ್ರೊಫೆಸರರು ನನ್ನೊಬ್ಬಳನ್ನೇ ಕರೆದು ಕೇಳಿದರು: "ಇಬ್ಬರ ಲೆಕ್ಕವನ್ನೂ ನೀವು ನೋಡಿದ್ದೀರಿ. ಯಾರದು ಸರಿ?"

"ಅವಳದೇ ತಪ್ಪು ಸರ್. ನಾನು ಕೂತು ಪೂರ್ತಿ ನೋಡಿದೆ. ಅದಲುಬದಲಿನ ಪದವನ್ನ ಅವಳು ಸರಿಯಾಗಿ ಸೇರಿಸಿಲ್ಲ."

ನನ್ನ ತಪ್ಪನ್ನೇ ಎತ್ತಿ ಅವಳ ಹೆಸರಿಗೆ ಹಚ್ಚಿದೆ. ಬೇರೊಂದು ತಪ್ಪನ್ನು ಹುಟ್ಟಿಸಿ ಹೇಳುವಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಪ್ರೊಫೆಸರರು ಅವಳ ಹಾಳೆಗಳನ್ನು ತೆರೆದು ನೋಡಲಿಲ್ಲ. ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು — ಆ ಧೈರ್ಯದಿಂದಲೇ ಹೇಳಿದ್ದೆ. ಅವರಲ್ಲಿದ್ದ ಪೂರ್ವಗ್ರಹ ಅವರದು. ಅದನ್ನು ಕೈಗೆತ್ತಿಕೊಂಡು ಬಳಸಿದವಳು ನಾನು.

ಅಂದು ಸಂಜೆಯೇ ಅವರು ಸುಜಾತಾಳನ್ನು ಕರೆಸಿದರು. ಬಾಗಿಲು ತೆರೆದೇ ಇತ್ತು; ನಾನು ಪಕ್ಕದ ಕೋಣೆಯಲ್ಲಿದ್ದೆ.

"ನಾನು ಸರಿಯಾಗೇ ಮಾಡೀನಿ ಸರ್. ಎಲ್ಲಿ ತಪ್ಪೈತೆ ಅಂತ ತೋರ್ಸಿದ್ರೆ ತಿದ್ದಿಕೊಂತೀನಿ."

"ತೋರಿಸಿಕೊಡೋದಕ್ಕೆ ನಾನು ಟ್ಯೂಷನ್ ಮೇಷ್ಟ್ರಲ್ಲ. ಪೂರ್ತಿ ಮೊದಲಿಂದ ಮಾಡಿಕೊಂಡು ಬನ್ನಿ."

ಕೋಣೆಗೆ ಬಂದವಳು ನನ್ನ ಎದುರು ಕುಳಿತಳು. ಅಳಲಿಲ್ಲ. "ಗಿರಿಜಾ, ನೀನು ನೋಡಿದೀಯಂತಲ್ಲ. ಯಾವ ಸಾಲಿನಾಗೆ ತಪ್ಪೈತೆ ಹೇಳೇ. ಅಷ್ಟು ಸಾಕು."

"ಸಾಲು ನೆನಪಿಲ್ಲ ಕಣೇ," ಎಂದೆ. "ಇನ್ನೊಂದು ಸಲ ಮಾಡು, ನಿನಗೇ ಸಿಗುತ್ತೆ."

ಅವಳು ನಂಬಿದಳು. ಮತ್ತೆ ಮಾಡಿದಳು, ಅದೇ ಉತ್ತರ. ಮಗದೊಮ್ಮೆ ಮಾಡಿದಳು, ಅದೇ. ಪ್ರೊಫೆಸರರು ಅದನ್ನು ಹಠ ಎಂದರು. ಫೆಲೋಶಿಪ್ ಮುಂದುವರಿಸಲು ಅವರ ಶಿಫಾರಸು ಬೇಕಿತ್ತು, ಅವರು ಕೊಡಲಿಲ್ಲ. ಅದಿಲ್ಲದೆ ಹಾಸ್ಟೆಲಿನಲ್ಲಿ ಉಳಿಯುವುದು ಅವಳ ಮನೆಯವರ ಶಕ್ತಿಗೆ ಮೀರಿದ್ದು.

ಕರೆದುಕೊಂಡು ಹೋಗಲು ಓಬಳಪ್ಪನವರೇ ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಶಾಲೆಗೆ ರಜೆ ಹಾಕಿ ಬಂದಿದ್ದರು. ಪ್ರೊಫೆಸರರನ್ನು ಕಂಡು, ಏನೂ ವಾದ ಮಾಡದೆ ಕೈಮುಗಿದು ಬಂದರು. ಟ್ರಂಕನ್ನು ತಾವೇ ಹೊತ್ತು ಕೆಳಗಿಳಿಸಿದರು. ಹೊರಡುವಾಗ ನನಗೊಂದು ಚೀಲ ಕೊಟ್ಟರು. ಅದರಲ್ಲಿ ಊರಿನ ಶೇಂಗಾ.

"ನೀವು ಅವಳ ಜತಿಗೆ ಇದೀರಿ ಅಂತ ನಾವು ಊರಾಗೆ ಧೈರ್ಯವಾಗಿದ್ವಿ ತಾಯಿ," ಎಂದರು. "ಅವಳಿಗೆ ಓದು ಇಷ್ಟೇ ಇತ್ತು ಅನ್ನಿಸ್ತೈತೆ. ನೀವು ಬಿಡಬ್ಯಾಡ್ರಿ, ಮುಗಿಸ್ರಿ."

ನಾನು ಚೀಲ ತೆಗೆದುಕೊಂಡೆ. "ಹೂಂ" ಎಂದೆ. ಸುಜಾತಾ ನನ್ನನ್ನು ತಬ್ಬಿಕೊಂಡು ಹೋದಳು. ಬೇಡವೆನ್ನಲೂ ಆಗಲಿಲ್ಲ...

ಇಲ್ಲಿಗೆ ಮುಗಿದಿದ್ದರೆ ನನ್ನದು ಒಂದು ಸುಳ್ಳು. ಆದರೆ ಇಲ್ಲಿಗೆ ಮುಗಿಯಲಿಲ್ಲ.

ನನ್ನ ಪ್ರಬಂಧ ಇನ್ನೂ ಟೈಪಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ಪ್ರೊಫೆಸರರು ಹೊರದೇಶದ ಸಮ್ಮೇಳನಕ್ಕೆ ಹೋಗಿ ಬಂದರು, ಮುಖ ಸಣ್ಣದಾಗಿತ್ತು. ಎಲೆಕ್ಟ್ರಾನುಗಳ ಸ್ಪಿನ್ನನ್ನೂ ಪರಮಾಣುಗಳ ಸ್ಪಿನ್ನನ್ನೂ ಬೇಕಾದ ದಿಕ್ಕಿಗೆ ತಿರುಗಿಸಿ ಡಿಕ್ಕಿ ಹೊಡೆಸುವ ಪ್ರಯೋಗಗಳು ಅಲ್ಲಿ ಶುರುವಾಗಿದ್ದವು. ಕಡಿಮೆ ವೇಗದಲ್ಲಿ ವ್ಯತ್ಯಾಸ ದೊಡ್ಡದಾಗಿಯೇ ಕಾಣುತ್ತಿತ್ತು. "ಗಿರಿಜಾ, ಇನ್ನೊಮ್ಮೆ ನೋಡಿ," ಎಂದರು.

ಎಲ್ಲಿ ನೋಡಬೇಕೆಂದು ನನಗೆ ಗೊತ್ತಿತ್ತಲ್ಲ. ಒಂದೆರಡು ಕಾರ್ಡು ಬದಲಾಯಿಸಿದೆ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಹೆದರಿದ್ದ ಕೆಲಸ ವಾರದೊಳಗೆ ಮುಗಿಯಿತು. ಬಂದದ್ದು ಸುಜಾತಾಳ ಉತ್ತರವೇ.

ಪ್ರೊಫೆಸರರು ಹಾಳೆಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ, "ಆ ಹುಡುಗಿಗೂ ಹೀಗೇ ಬಂದಿತ್ತಲ್ಲವೇ?" ಎಂದರು.

ಬಾಗಿಲು ಮತ್ತೆ ತೆರೆದಿತ್ತು ನನಗೆ. ಒಂದು ವಾಕ್ಯ ಸಾಕಿತ್ತು. ಅವಳನ್ನು ಮರಳಿ ಕರೆಸಬಹುದಿತ್ತು — ಅವಳು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಆಕಸ್ಮಿಕ ಸರ್. ಅವಳ ದಾರಿಯೇ ತಪ್ಪಿತ್ತು."

ಅವರು ತಲೆಯಾಡಿಸಿದರು. ಲೇಖನ ಅಚ್ಚಾಯಿತು, ನನ್ನ ಹೆಸರು, ಅವರ ಹೆಸರು. ಕೃತಜ್ಞತೆಯ ಸಾಲಿನಲ್ಲಿ ಕಾರ್ಡು ತೂತು ಹೊಡೆದುಕೊಟ್ಟವರ ಹೆಸರೂ ಇತ್ತು, ಸುಜಾತಾಳದು ಇರಲಿಲ್ಲ. ನನಗೆ ಡಾಕ್ಟರೇಟ್ ಬಂತು. ಮದುವೆಯಾಯಿತು. ಹೊನ್ನಾಳಿಯಲ್ಲಿ ಅತ್ತೆಯವರು ಬಂದವರಿಗೆಲ್ಲ, "ನಮ್ಮ ಸೊಸೆ ಡಾಕ್ಟರು, ಸೂಜಿ ಚುಚ್ಚೋ ಡಾಕ್ಟರಲ್ಲ," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆಮೇಲೆ ಚನ್ನಗಿರಿಯಲ್ಲಿ ಕೆಲಸ ಸಿಕ್ಕಿತು.

ಎಂಬತ್ತರ ದಶಕದ ನಡುವಿನಲ್ಲಿ ಪಿಯುಸಿ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಳಾಗಿ ನನ್ನನ್ನು ಜಗಳೂರಿಗೆ ಹಾಕಿದರು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ತ್ಯಾವಣಿಗೆ ಮೇಲೆ ಹೋಗುವ ಬಸ್ಸು ಹಿಡಿದು, ದಾವಣಗೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋದೆ. ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದವಳು ಸುಜಾತಾ. ಬಿ.ಎಡ್. ಮಾಡಿಕೊಂಡು, ಮೊದಲು ಹೈಸ್ಕೂಲಿನಲ್ಲಿದ್ದು, ಅಲ್ಲಿಂದ ಜೂನಿಯರ್ ಕಾಲೇಜಿಗೆ ಬಂದಿದ್ದಳು. ಮದುವೆಯಾಗಿರಲಿಲ್ಲ. ನನ್ನನ್ನು ಕಂಡು ಅದೇ ಹಳೆಯ ನಗೆ ನಕ್ಕಳು. ಮಧ್ಯಾಹ್ನ ಮನೆಯಿಂದ ತಂದ ರೊಟ್ಟಿ, ಮುಳಗಾಯಿ ಪಲ್ಯ ಹಂಚಿಕೊಂಡು ತಿಂದೆವು. ತಂದೆ ತೀರಿಕೊಂಡರೆಂದೂ, ತಾಯಿ ತನ್ನ ಜೊತೆಗಿದ್ದಾರೆಂದೂ ಹೇಳಿದಳು.

ಅಂದು ಬೆಳಿಗ್ಗೆಯಿಂದ ನಾನೊಂದು ಸಂಗತಿ ಗಮನಿಸಿದ್ದೆ. ಒಬ್ಬೊಬ್ಬ ವಿದ್ಯಾರ್ಥಿಯ ಅಂಕ ಕೂಡಿಸಿದ ಮೇಲೂ ಅವಳು ನನ್ನ ಕಡೆ ಸರಿಸಿ, "ಒಂಚೂರು ನೋಡು, ಸರಿ ಐತಾ?" ಎನ್ನುತ್ತಿದ್ದಳು. ಸಣ್ಣ ಮಕ್ಕಳೂ ತಪ್ಪದ ಕೂಡಿಕೆ ಅದು. ಯಾಕೆ ಎಂದು ಕೇಳಿದೆ.

"ಅಭ್ಯಾಸ ಆಗೇತಿ," ಎಂದಳು. "ಊರಿಗೆ ಬಂದ್ಮ್ಯಾಗೆ ಆ ಲೆಕ್ಕಾನ ಬಾಳ ಸಲ ಮಾಡ್ದೆ ಕಣೇ. ಎಲ್ಲಿ ತಪ್ಪು ಅಂತ ಹುಡುಕ್ದೆ, ಸಿಗ್ಲೇ ಇಲ್ಲ. ತಪ್ಪು ಐತೆ ಅಂತ ನೀನು ಕಂಡೀ, ಪ್ರೊಫೆಸರು ಕಂಡ್ರು. ನನಗೆ ಮಾತ್ರ ಕಾಣವಲ್ದು ಅಂದ್ರೆ ನನ್ನ ಕಣ್ಣೇ ಸರಿ ಇಲ್ಲ ಅಂತಾತಲ್ಲ. ಈಗ ಬೋರ್ಡಿನ ಮೇಲೆ ಹಾಕೋ ಲೆಕ್ಕಾನೂ ಮೊದ್ಲು ಗಣಿತದ ಮೇಷ್ಟ್ರಿಗೆ ತೋರಿಸಿಕೊಂಡು ಹೋಗ್ತೀನಿ."

ಇದನ್ನು ಅವಳು ದುಃಖದಿಂದ ಹೇಳಲಿಲ್ಲ. ಎಡಗಾಲು ಸ್ವಲ್ಪ ನೋಯುತ್ತದೆ ಎಂದು ಹೇಳುವಂತೆ ಹೇಳಿದಳು.

ಅಲ್ಲಿಯವರೆಗೆ ನಾನು ಅವಳಿಂದ ಒಂದು ಪದವಿಯನ್ನು ಕಸಿದುಕೊಂಡೆ ಎಂದುಕೊಂಡಿದ್ದೆ. ಅದನ್ನೇ ದೊಡ್ಡದೆಂದು ಒಳಗೊಳಗೇ ಹೊತ್ತು ತಿರುಗಿದ್ದೆ. ಕಸಿದದ್ದು ಬೇರೆಯೇ ಎಂದು ಆಗ ತಿಳಿಯಿತು. ತನ್ನ ಕಣ್ಣಿನ ಮೇಲೆ ತನಗಿದ್ದ ನಂಬಿಕೆ — ಅದನ್ನು. ಆದರೂ ಬಾಯಿ ಬಿಡಲಿಲ್ಲ. ರೊಟ್ಟಿ ತಿಂದು, ಅಂಕಪಟ್ಟಿಗೆ ಸಹಿ ಮಾಡಿ, ಮರುದಿನ ಬಸ್ಸು ಹತ್ತಿ ಬಂದೆ. ಮಾಡಿದ್ದರಲ್ಲೆಲ್ಲ ಇದೇ ಹೇಯವಾದದ್ದು ಎನಿಸುತ್ತದೆ.

ಮತ್ತೆ ಒಂದಷ್ಟು ಕಾಲ ಹೋಯಿತು. ಚನ್ನಗಿರಿಯಲ್ಲಿ ನನ್ನ ತರಗತಿಗೆ ಕೆರೆಬಿಳಚಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಒಂದು ದಿನ ಅವಳು ಸರಿಯಾಗಿ ಮಾಡಿದ ಲೆಕ್ಕವನ್ನು ತಾನೇ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಯಾಕಮ್ಮ ಎಂದೆ. "ಎಲ್ಲರಿಗೂ ಬ್ಯಾರೆ ಬಂದೈತೆ ಮಿಸ್, ನಂದೇ ತಪ್ಪಿರ್ಬೇಕು," ಎಂದಳು. ಅವಳಿಗೆ ಏನೋ ಹೇಳಹೋದೆ. ಹೇಳಲು ನನಗೆ ಯಾವ ಯೋಗ್ಯತೆಯೂ ಇರಲಿಲ್ಲ. ಆ ಭಾನುವಾರ ಜಗಳೂರಿಗೆ ಹೋದೆ.

ಸುಜಾತಾ ಮನೆಯ ಜಗಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಕುಳಿತುಕೊಳ್ಳಲೂ ಇಲ್ಲ. ನಿಂತೇ ಹೇಳಿದೆ — ಮೆಟ್ಟಿಲ ಮೇಲೆ ಕಂಡುಕೊಂಡದ್ದು, ಪ್ರೊಫೆಸರರಿಗೆ ಹೇಳಿದ್ದು, ಆಮೇಲೆ ಅವಳ ಉತ್ತರವನ್ನೇ ನನ್ನದೆಂದು ಅಚ್ಚು ಹಾಕಿಸಿದ್ದು.

ಅವಳ ಕೈ ನಿಂತಿತು. "ಇನ್ನೊಂದ್ ಸಲ ಹೇಳು," ಎಂದಳು.

ಹೇಳಿದೆ.

"ನಿನ್ ತಪ್ಪು ನಿನಗೆ ಗೊತ್ತಾಗಿದ್ದು ಯಾವಾಗ? ಪ್ರೊಫೆಸರಿಗೆ ಹೇಳೋಕಿಂತ ಮೊದ್ಲಾ, ಆಮ್ಯಾಲಾ?"

"ಮೊದಲು."

ಒಳಗಿನಿಂದ ಅವಳ ತಾಯಿ, "ಯಾರವ್ವ ಬಂದಿರೋದು?" ಎಂದು ಕೂಗಿದರು. ಸುಜಾತಾ ಸುಲಿದ ಕಾಳುಗಳನ್ನು ಮೊರದ ಒಂದು ಮೂಲೆಗೆ ಸರಿಸಿದಳು. ಆಮೇಲೆ ಹೇಳಿದಳು: "ಅಪ್ಪ ಇದ್ದಾಗ ಹೇಳ್ಬೇಕಿತ್ತು. ಅವರು ಯಾರು ಕೇಳಿದ್ರೂ, ನಮ್ಮ ಹುಡುಗಿ ದೊಡ್ಡ ಓದಿಗೆ ಹೋಗಿದ್ಲು, ಲೆಕ್ಕ ಕೈ ಹಿಡೀಲಿಲ್ಲ ಅಂತಿದ್ರು. ಸಾಯೋ ಮಟ ಹಂಗೇ ಅಂದ್ರು. ನಾನೂ ಹೂಂ ಅಂತಿದ್ದೆ."

ನಾನು ಕೆಳಗೆ ಕುಳಿತು ಅವಳ ಕಾಲ ಕಡೆ ಕೈ ಚಾಚಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಅದೆಲ್ಲ ಬ್ಯಾಡ. ನನ್ನ ಒಬ್ಬಳ ಮುಂದೆ ಹೇಳಿ ಹಗುರಾಗಿ ಹೋಗ್ತೀನಿ ಅನ್ಕೋಬ್ಯಾಡ. ನಮ್ಮೂರಾಗೆ ಬಂದು ನಿಂತು ಹೇಳು. ಅಪ್ಪನ ಜತಿಗೆ ಕೆಲ್ಸ ಮಾಡಿದ ಮೇಷ್ಟ್ರುಗಳು ಇನ್ನೂ ಇದಾರೆ. ಅವರ ಮುಂದೆ ಹೇಳು, ನೀನು ಹಿಂಗೆ ಮಾಡ್ದಿ ಅಂತ."

ಅವಳು ಬಸ್ ನಿಲ್ದಾಣದವರೆಗೆ ಬರಲಿಲ್ಲ.

ಅವಳು ಕೇಳಿದ್ದನ್ನು ಬಿಟ್ಟು ನಾನು ಮೊದಲು ಬೇರೆಯದೆಲ್ಲ ಮಾಡಿದೆ. ನಿವೃತ್ತರಾಗಿದ್ದ ಪ್ರೊಫೆಸರರ ಮನೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಅಚ್ಚಾಗಿರೋದು ಸರಿಯಾದ ಉತ್ತರ ತಾನೇ? ಈಗ ಯಾಕೆ ಕೆದಕುತ್ತೀರಿ?" ಎಂದರು. ಲೇಖನ ಪ್ರಕಟಿಸಿದ ಪತ್ರಿಕೆಗೆ, ಆ ಫಲಿತಾಂಶ ಮೊದಲು ಪಡೆದವಳು ಸುಜಾತಾ ಎಂದು ಬರೆದೆ. ಅವರು ಏನು ಮಾಡುತ್ತಾರೋ ನೋಡಬೇಕು. ಗಂಡನಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿಬಂದರು. ಆಮೇಲೆ, "ಅಮ್ಮಂಗೆ ಹೇಳ್ಬೇಡ," ಎಂದರು. ಅತ್ತೆಗೂ ಹೇಳಿದೆ. ಆಮೇಲೆ ಅವರು ಬಂದವರೆದುರು ನನ್ನ ಓದಿನ ಮಾತು ಎತ್ತಿಲ್ಲ.

ಇವೆಲ್ಲ ಜಗಳೂರಿಗೆ ಹೋಗುವುದನ್ನು ಮುಂದೂಡಲು ಮಾಡಿದ ಕೆಲಸಗಳು ಎಂದು ನನಗೆ ಗೊತ್ತು. ಪ್ರೊಫೆಸರರ ಎದುರು ಹೇಳುವುದು ಸುಲಭ. ಅವರೂ ಅದರಲ್ಲಿ ಪಾಲುದಾರರು. ಓಬಳಪ್ಪನವರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಚಹ ಕುಡಿದ, ಮಗಳಿಗೆ ಲೆಕ್ಕ ಕೈ ಹಿಡಿಯಲಿಲ್ಲ ಎಂಬ ಮಾತು ಕೇಳಿ ಅವರನ್ನು ಸಮಾಧಾನಪಡಿಸಿದ ಜನರ ಎದುರು ನಿಲ್ಲುವುದು — ಅದಕ್ಕೆ ಕಾಲು ಬರಲಿಲ್ಲ.

ಈಗ ಗೊತ್ತುಮಾಡಿದ್ದೇನೆ. ಓಬಳಪ್ಪನವರು ಕಲಿಸುತ್ತಿದ್ದ ಶಾಲೆಯ ಹೆಡ್‌ಮಾಸ್ಟರು ಒಪ್ಪಿದ್ದಾರೆ. ಹಳೆಯ ಮೇಷ್ಟ್ರುಗಳಿಗೆ ಹೇಳಿಕಳಿಸಿದ್ದಾರೆ. ಯಾವ ವಿಷಯದ ಮೇಲೆ ಭಾಷಣ ಎಂದು ಕೇಳಿದರು. ಭಾಷಣವಲ್ಲ, ಒಂದು ತಪ್ಪೊಪ್ಪಿಗೆ ಎಂದೆ. ಸುಜಾತಾಳಿಗೂ ತಿಳಿಸಿದ್ದೇನೆ. ಅವಳಿಂದ ಉತ್ತರ ಬಂದಿಲ್ಲ. ಬರುತ್ತಾಳೋ, ಬರುವುದಿಲ್ಲವೋ; ಬಂದರೂ ನನ್ನ ಮುಖ ನೋಡುತ್ತಾಳೋ ಇಲ್ಲವೋ — ಅದನ್ನು ನಿರ್ಧರಿಸುವ ಹಕ್ಕು ಅವಳದು. ಅವಳ ತಾಯಿ ಬರುತ್ತಾರಂತೆ. ಅವರಿಗೆ ಕಿವಿ ಸ್ವಲ್ಪ ಮಂದ ಎಂದು ಹೆಡ್‌ಮಾಸ್ಟರು ಹೇಳಿದರು. ಮುಂದಿನ ಸಾಲಿನಲ್ಲಿ ಕೂರಿಸಿರಿ, ನಾನು ಗಟ್ಟಿಯಾಗಿ ಹೇಳುತ್ತೇನೆ ಎಂದಿದ್ದೇನೆ.